ಊರಿನಿಂದ ತಂದದ್ದು, ಇಲ್ಲಿ ಬಂದದ್ದು: ರಕ್ತ, ಮೂತ್ರ ಮತ್ತು ನಮ್ಮ ಹೃದಯದ ಚರಿತ್ರೆ



ಈ ಸಭೆಯಲ್ಲಿ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದವರಿದ್ದೀರಿ, ಕೇರ್ ಹೋಮುಗಳಲ್ಲಿ ದುಡಿಯುವವರಿದ್ದೀರಿ, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ಐಟಿಯವರಿದ್ದೀರಿ, ಎನ್‌ಎಚ್‌ಎಸ್‌ನಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾದ ಹಿರಿಯರೂ ಇದ್ದೀರಿ. ಕೆಲಸ ಬೇರೆ ಬೇರೆಯಾದರೂ ಒಂದು ಕಾಗದ ಮಾತ್ರ ಎಲ್ಲರ ಕೈಗೂ ಒಂದಲ್ಲ ಒಂದು ದಿನ ಬರುತ್ತದೆ. ಅದು ರಕ್ತ ಮತ್ತು ಮೂತ್ರ ಪರೀಕ್ಷೆಯ ವರದಿ. ಕೊಲೆಸ್ಟರಾಲ್ ಇಷ್ಟು, ಸಕ್ಕರೆ ಇಷ್ಟು, ಮೂತ್ರದಲ್ಲಿ ಪ್ರೋಟೀನ್ ಇಷ್ಟು. ಪಕ್ಕದಲ್ಲಿ 'ಸಾಮಾನ್ಯ' ಎಂದು ಇನ್ನೊಂದು ಅಂಕಿ. ನಾವು ಎರಡನ್ನೂ ಹೋಲಿಸಿ ನೋಡುತ್ತೇವೆ, ನಿಟ್ಟುಸಿರು ಬಿಡುತ್ತೇವೆ ಅಥವಾ ಗಾಬರಿಯಾಗುತ್ತೇವೆ.

ಆ ಅಂಕಿಗಳಿಗೂ ಒಂದು ಚರಿತ್ರೆ ಇದೆ. ಅದರ ದೊಡ್ಡ ಪಾಲು ನಡೆದದ್ದು ನಾವು ಬಾಡಿಗೆಗೋ ಸಾಲಕ್ಕೋ ಮನೆ ಮಾಡಿಕೊಂಡಿರುವ ಈ ಊರುಗಳಲ್ಲೇ: ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಶೆಫೀಲ್ಡ್, ಲೀಡ್ಸ್. ಇನ್ನೊಂದು ಪಾಲು ನಡೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಈ ಎರಡು ಪಾಲನ್ನೂ ಕೂಡಿಸಿ ಓದಿದಾಗ ಒಂದು ಪ್ರಶ್ನೆ ಏಳುತ್ತದೆ. ನಮ್ಮ ರಕ್ತದಲ್ಲಿರುವ ಅಪಾಯದಲ್ಲಿ ಊರಿನಿಂದ ಹೊತ್ತು ತಂದದ್ದು ಎಷ್ಟು, ಇಲ್ಲಿಗೆ ಬಂದಮೇಲೆ ಸೇರಿದ್ದು ಎಷ್ಟು? ಅದನ್ನು ಅಳೆಯುವ ಕೋಲನ್ನು ಯಾರ ರಕ್ತ ನೋಡಿ ಮಾಡಿದರು?

ಮೊದಲು ಮೂತ್ರದಿಂದಲೇ ಶುರುಮಾಡೋಣ. 18ನೇ ಶತಮಾನದ ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯರಿದ್ದರು. ಕಾಲು ಊದಿ, ಮೈಯಲ್ಲಿ ನೀರು ತುಂಬಿ, ಮಲಗಿದರೆ ಉಸಿರುಗಟ್ಟುವ ರೋಗಿಗಳು ಅವರ ಬಳಿ ಬರುತ್ತಿದ್ದರು. 1775ರಲ್ಲಿ ಶ್ರಾಪ್‌ಷೈರಿನ ಒಬ್ಬ ಮುದುಕಿ ಗುಟ್ಟಾಗಿ ಕೊಡುತ್ತಿದ್ದ ನಾಟಿ ಔಷಧದ ಬಗ್ಗೆ ಅವರ ಅಭಿಪ್ರಾಯ ಕೇಳಿದರು. ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳ ಆ ಮಿಶ್ರಣದಲ್ಲಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲೋವ್ ಗಿಡ ಒಂದೇ ಎಂದು ಸಸ್ಯಶಾಸ್ತ್ರ ಬಲ್ಲ ವಿದರಿಂಗ್ ಗುರುತಿಸಿದರು. ಮುಂದಿನ ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ಒಳ್ಳೆಯದಾದದ್ದನ್ನೂ ಕೆಟ್ಟದಾದದ್ದನ್ನೂ ಬರೆದಿಟ್ಟು, 1785ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಡಿಜಿಟಾಲಿಸ್ ಎಂಬ ಹೃದಯದ ಔಷಧ ವೈದ್ಯಶಾಸ್ತ್ರಕ್ಕೆ ಬಂದದ್ದು ಹೀಗೆ.

ಔಷಧ ಹಿಡಿಯಿತೇ ಇಲ್ಲವೇ ಎಂದು ವಿದರಿಂಗ್‌ಗೆ ತಿಳಿಯುತ್ತಿದ್ದದ್ದು ಮುಖ್ಯವಾಗಿ ಮೂತ್ರದಿಂದ. ಮೂತ್ರ ಸರಾಗವಾಗಿ ಹೊರಟು ಊತ ಇಳಿಯಿತೆಂದರೆ ಗೆದ್ದಂತೆ. ಮೂತ್ರ ಹೆಚ್ಚಿದರೆ, ನಾಡಿ ನಿಧಾನವಾದರೆ, ವಾಕರಿಕೆ ಬಂದರೆ ಔಷಧ ನಿಲ್ಲಿಸಿ ಎಂದು ಅವರು ಎಚ್ಚರಿಸಿದರು. ಔಷಧ ಮೂತ್ರಪಿಂಡದ ಮೇಲೆ ಕೆಲಸ ಮಾಡುತ್ತದೆ ಎಂದು ನಂಬಿದ್ದರೂ, ಹೃದಯದ ಬಡಿತದ ಮೇಲೂ ಅದಕ್ಕೆ ಹಿಡಿತವಿದೆ ಎಂಬುದನ್ನು ಗಮನಿಸಿದ್ದರು. ದೇಹದಿಂದ ಹೊರಬಂದದ್ದನ್ನು ನೋಡಿ ಒಳಗಿನ ಹೃದಯದ ಸ್ಥಿತಿ ಊಹಿಸುವ ಕೆಲಸ ಈ ಊರಿನಲ್ಲಿ ಆಗಲೇ ನಡೆಯುತ್ತಿತ್ತು. ಆದರೆ ಮೂತ್ರ ಎಷ್ಟು ಎಂಬುದಷ್ಟೇ ಗೊತ್ತಾಗುತ್ತಿತ್ತು. ಅದರೊಳಗೆ ಏನೇನಿದೆ ಎಂದು ತಿಳಿಯಲು ಯಂತ್ರ ಬೇಕಿತ್ತು, ರಸಾಯನಶಾಸ್ತ್ರವೂ ಬೇಕಿತ್ತು.

ಯಂತ್ರದ ಬೇರುಗಳು ಮ್ಯಾಂಚೆಸ್ಟರ್ ಮತ್ತು ಬರ್ಮಿಂಗ್‌ಹ್ಯಾಮ್‌ನವು. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ.ಜೆ. ಥಾಮ್ಸನ್ 1856ರಲ್ಲಿ ಹುಟ್ಟಿದ್ದು ಮ್ಯಾಂಚೆಸ್ಟರಿನ ಚೀತಮ್ ಹಿಲ್‌ನಲ್ಲಿ. ವಿದ್ಯುತ್ ಮತ್ತು ಅಯಸ್ಕಾಂತದ ಬಲದಿಂದ ಕಣಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ದಾರಿಯನ್ನು ಅವರು ತೋರಿಸಿದರು. ಅವರ ಸಹಾಯಕರಾಗಿದ್ದ ಫ್ರಾನ್ಸಿಸ್ ಆಸ್ಟನ್ 1877ರಲ್ಲಿ ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ, ಅಂದರೆ ಇವತ್ತು ನಮ್ಮ ನರ್ಸುಗಳು, ಡಾಕ್ಟರುಗಳು ಕೆಲಸಕ್ಕೆ ಹೋಗುವ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಪಕ್ಕದ ಬಡಾವಣೆಯಲ್ಲಿ. 1919ರಲ್ಲಿ ಕೇಂಬ್ರಿಜ್‌ನಲ್ಲಿ ಅವರು ಕಟ್ಟಿದ ಮಾಸ್ ಸ್ಪೆಕ್ಟ್ರೋಗ್ರಾಫ್ ಅವರಿಗೆ 1922ರ ನೊಬೆಲ್ ತಂದಿತು. ಅಕ್ಕಸಾಲಿಯ ತಕ್ಕಡಿ ಗುಲಗಂಜಿ ತೂಗುವಂತೆ ಒಂದೊಂದು ಅಣುವನ್ನೂ ತೂಗುವ ಈ ಯಂತ್ರದ ಮೊಮ್ಮಕ್ಕಳೇ ಇವತ್ತು ಒಂದು ಹನಿ ರಕ್ತದಲ್ಲಿ ಸಾವಿರಾರು ರಾಸಾಯನಿಕಗಳನ್ನು ಎಣಿಸುತ್ತವೆ.

ರಸಾಯನಶಾಸ್ತ್ರ ಬಂದದ್ದು ಶೆಫೀಲ್ಡಿನಿಂದ, ಅದೂ ನಮ್ಮಂತೆ ಹೊರಗಿನಿಂದ ಬಂದ ಒಬ್ಬರಿಂದ. ಹಾನ್ಸ್ ಕ್ರೆಬ್ಸ್ ಜರ್ಮನಿಯ ಯಹೂದಿ ವೈದ್ಯ. 1933ರಲ್ಲಿ ನಾತ್ಸಿಗಳು ಕೆಲಸದಿಂದ ತೆಗೆದಾಗ ಇಂಗ್ಲೆಂಡಿಗೆ ಬಂದರು. 1935ರಲ್ಲಿ ಶೆಫೀಲ್ಡ್ ಸೇರಿದರು. 1937ರಲ್ಲಿ ಪಾರಿವಾಳದ ಎದೆಯ ಸ್ನಾಯುವನ್ನು ಬಳಸಿ, ನಾವು ತಿಂದ ಅನ್ನ, ಎಣ್ಣೆ, ಬೇಳೆ ಜೀವಕೋಶದೊಳಗೆ ಶಕ್ತಿಯಾಗುವ ಸುತ್ತನ್ನು ಬಿಡಿಸಿ ಹೇಳಿದರು. ಅವರ ಲೇಖನವನ್ನು 'ನೇಚರ್' ಪತ್ರಿಕೆ ಆಗ ಹಾಕಿಕೊಳ್ಳಲಿಲ್ಲ. 1953ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಹೃದಯ ಒಂದು ಕ್ಷಣವೂ ಬಿಡುವಿಲ್ಲದ ಸ್ನಾಯು. ಕ್ರೆಬ್ಸ್ ಸುತ್ತು ಅಲ್ಲಿ ಎಡೆಬಿಡದೆ ತಿರುಗುತ್ತಿರಬೇಕು. ಅದು ತಡವರಿಸಿದರೆ ಅದರ ಗುರುತು ರಕ್ತದಲ್ಲಿ ಕಾಣಬೇಕಲ್ಲವೇ ಎಂಬ ಯೋಚನೆಗೆ ಆಧಾರ ಸಿಕ್ಕಿದ್ದು ಇಲ್ಲಿ.

ಆದರೆ ಆಸ್ಪತ್ರೆಗೆ ಮೊದಲು ಬೇಕಾಗಿದ್ದ ಉತ್ತರ ಬೇರೆ. ಎದೆನೋವು ಎಂದು ಬಂದವರಿಗೆ ಆಗಿರುವುದು ಹೃದಯಾಘಾತವೋ, ಬರೀ ಗ್ಯಾಸ್ಟ್ರಿಕ್ಕೋ? 1954ರಿಂದ ರಕ್ತದ ಕೆಲವು ಕಿಣ್ವಗಳನ್ನು ಅಳೆದು ಹೇಳುತ್ತಿದ್ದರು. ಆ ಕಿಣ್ವಗಳು ಯಕೃತ್ತಿನಿಂದಲೂ ಕೈಕಾಲಿನ ಸ್ನಾಯುವಿನಿಂದಲೂ ಬರುತ್ತಿದ್ದುದರಿಂದ ಗೊಂದಲವಾಗುತ್ತಿತ್ತು. ಸ್ನಾಯುವಿನ ಟ್ರೋಪೋನಿನ್ ಪ್ರೋಟೀನನ್ನು 1960ರ ದಶಕದಲ್ಲಿ ಕಂಡವರು ಜಪಾನಿನ ಎಬಾಶಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ವಿಕ್ಟರ್ ಪೆರಿಯವರ ವಿಭಾಗ ಅದರ ಒಂದು ತುಂಡಾದ ಟ್ರೋಪೋನಿನ್ ಐ ಹೃದಯದಲ್ಲಿ ಬೇರೆ, ಉಳಿದ ಸ್ನಾಯುಗಳಲ್ಲಿ ಬೇರೆ ಎಂಬುದನ್ನು ಶೋಧಿಸಿತು. 1987ರಲ್ಲಿ ಅದೇ ವಿಶ್ವವಿದ್ಯಾಲಯದ ಪೀಟರ್ ಕಮಿನ್ಸ್ ಮತ್ತು ಸಂಗಡಿಗರು ಹೃದಯದ ಟ್ರೋಪೋನಿನ್ ಐಯನ್ನು ರಕ್ತದಲ್ಲಿ ಅಳೆದು ಹೃದಯಾಘಾತ ಗುರುತಿಸುವ ಪರೀಕ್ಷೆಯನ್ನು ಪ್ರಕಟಿಸಿದರು. ಎರಡು ವರ್ಷಗಳ ನಂತರ ಜರ್ಮನಿಯಿಂದ ಟ್ರೋಪೋನಿನ್ ಟಿ ಪರೀಕ್ಷೆ ಬಂತು. ಇವತ್ತು ಲೀಡ್ಸಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಎದೆನೋವಿನವರ ರಕ್ತ ತೆಗೆದಾಗ ನೋಡುವುದು ಟ್ರೋಪೋನಿನ್ನನ್ನೇ.

ಲೀಡ್ಸಿನ ಅಲಿಸ್ಟೇರ್ ಹಾಲ್ ಅವರ ತಂಡ 2007ರಲ್ಲಿ ಇನ್ನೊಂದು ಪ್ರೋಟೀನಿನ ಮಹತ್ವ ತೋರಿಸಿತು. ಹೃದಯದ ಮುಖ್ಯ ಇಂಧನ ಕೊಬ್ಬಿನಾಮ್ಲ. ಅದನ್ನು ಹೃದಯಕೋಶದೊಳಗೆ ಹೊರುವ ಹಮಾಲಿಯಂಥ ಚಿಕ್ಕ ಪ್ರೋಟೀನ್ ಇದು. ಚಿಕ್ಕದಾದ್ದರಿಂದ ಬೇಗ ರಕ್ತಕ್ಕೆ ಸೋರುತ್ತದೆ, ಬೇಗ ಮೂತ್ರದಲ್ಲಿ ಹೋಗಿಬಿಡುತ್ತದೆ. ಯಾರ್ಕ್‌ಷೈರಿನ ರೋಗಿಗಳಲ್ಲಿ ಟ್ರೋಪೋನಿನ್ ಹೇಳದ ಅಪಾಯವನ್ನೂ ಅದು ಹೇಳಿತು. ಆದರೂ ಆಸ್ಪತ್ರೆಗಳ ದಿನಚರಿಯಲ್ಲಿ ಟ್ರೋಪೋನಿನ್ನೇ ಉಳಿಯಿತು. ಅದರಿಂದ ಉಳಿದ ಜೀವಗಳು ಲೆಕ್ಕವಿಲ್ಲದಷ್ಟು. ಆದರೆ ಇವೆರಡೂ ಹೃದಯಕ್ಕೆ ಪೆಟ್ಟು ಬಿದ್ದ ಮೇಲೆ ಬರುವ ಸುದ್ದಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಹಾಗಾಗಬಾರದು ಎಂದರೆ ಹತ್ತಿಪ್ಪತ್ತು ವರ್ಷ ಮೊದಲೇ ಸುಳಿವು ಬೇಕು. ಇಲ್ಲಿಂದ ಮುಂದೆ ಚರಿತ್ರೆ ನಮ್ಮ ಮನೆಬಾಗಿಲಿಗೆ ಬರುತ್ತದೆ.

ಬ್ರಿಟನ್ನಿಗೆ ವಲಸೆ ಬಂದ ಭಾರತೀಯರಲ್ಲಿ ಹೃದ್ರೋಗ ಹೆಚ್ಚು ಎಂಬುದು 1980ರ ದಶಕದ ಹೊತ್ತಿಗೆ ಮರಣದ ಅಂಕಿಅಂಶಗಳಿಂದ ಸ್ಪಷ್ಟವಾಗಿತ್ತು. ಇದು ಇಲ್ಲಿಯ ಚಳಿ, ಬ್ರೆಡ್ಡು, ಬೆಣ್ಣೆಯ ಫಲವೋ ಅಥವಾ ಹುಟ್ಟಿನಿಂದಲೇ ಬಂದದ್ದೋ? ದೀಪಕ್ ಭಟ್ನಾಗರ್, ಪಾಲ್ ಡರಿಂಗ್ಟನ್ ಮೊದಲಾದ ಮ್ಯಾಂಚೆಸ್ಟರಿನ ಸಂಶೋಧಕರು ಪಂಜಾಬಿನ ವೈದ್ಯರ ಜೊತೆ ಸೇರಿ ಸರಳವಾದ ಉಪಾಯ ಮಾಡಿದರು. ಪಶ್ಚಿಮ ಲಂಡನ್ನಿನಲ್ಲಿ ನೆಲೆಸಿದ್ದ 247 ಜನ ಭಾರತೀಯ ಮೂಲದವರ ರಕ್ತವನ್ನೂ ಪಂಜಾಬಿನಲ್ಲೇ ಉಳಿದಿದ್ದ ಅವರ 117 ಜನ ಒಡಹುಟ್ಟಿದವರ ರಕ್ತವನ್ನೂ ಹೋಲಿಸಿದರು. ಒಂದೇ ತಾಯಿಯ ಮಕ್ಕಳು, ಎರಡು ದೇಶ. 1995ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು.

ಇಲ್ಲಿಗೆ ಬಂದವರಲ್ಲಿ ತೂಕ, ರಕ್ತದೊತ್ತಡ, ಕೊಲೆಸ್ಟರಾಲ್, ರಕ್ತದ ಸಕ್ಕರೆ ಹೆಚ್ಚಾಗಿದ್ದವು. ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕಡಿಮೆಯಾಗಿತ್ತು. ಇವೆಲ್ಲ ಇಲ್ಲಿ ಬಂದದ್ದು. ಆದರೆ ಒಂದು ಅಂಶ ಎರಡೂ ಕಡೆ ಒಂದೇ ಸಮ ಇತ್ತು, ಇಲ್ಲಿಯ ಬಿಳಿಯರಿಗಿಂತ ಹೆಚ್ಚಿತ್ತು: ಲೈಪೊಪ್ರೋಟೀನ್ ಎ. ಲ್ಯಾಬಿನವರು 'ಎಲ್‌ಪಿ ಲಿಟಲ್ ಎ' ಎನ್ನುತ್ತಾರೆ. ಇದು ಕೆಟ್ಟ ಕೊಲೆಸ್ಟರಾಲಿಗೆ ಇನ್ನೊಂದು ಪ್ರೋಟೀನ್ ಬಾಲದಂತೆ ಅಂಟಿಕೊಂಡ ಕಣ. ರಕ್ತನಾಳ ಕಟ್ಟಿಕೊಳ್ಳಲು ನೆರವಾಗುತ್ತದೆ. ಯಾರಲ್ಲಿ ಎಷ್ಟು ಎಂಬುದನ್ನು ಬಹುಮಟ್ಟಿಗೆ ವಂಶವಾಹಿಯೇ ನಿರ್ಧರಿಸುತ್ತದೆ. ಪಥ್ಯ, ವ್ಯಾಯಾಮ, ಸ್ಟ್ಯಾಟಿನ್ ಮಾತ್ರೆ ಇದನ್ನು ಹೆಚ್ಚೇನೂ ತಗ್ಗಿಸುವುದಿಲ್ಲ. ಇದು ಊರಿನಿಂದ ತಂದದ್ದು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ನಮ್ಮ ಗಾದೆ ನೂರಕ್ಕೆ ನೂರು ನಿಜವಾಗದ ಜಾಗ ಇದು.

ಮರುವರ್ಷ, 1996ರಲ್ಲಿ, ಅದೇ 'ಲ್ಯಾನ್ಸೆಟ್'ನಲ್ಲಿ ಕರ್ನಾಟಕದ ಎರಡು ಅಧ್ಯಯನಗಳು ಬಂದವು. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ತಂಡ ಆ ದಾಖಲೆ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ದೊಡ್ಡವರಾಗಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದವರ ಪೈಕಿ ಶೇಕಡಾ 11 ಜನರಿಗೆ ಹೃದ್ರೋಗವಿತ್ತು, 3.1 ಕೆ.ಜಿ. ಅಥವಾ ಹೆಚ್ಚು ತೂಗಿದವರಲ್ಲಿ ಶೇಕಡಾ 3 ಮಾತ್ರ. ಯಾವ ಸಂಶೋಧನೆಯ ಆಸೆಯೂ ಇಲ್ಲದೆ ದಾದಿಯರು ದಿನನಿತ್ಯ ತುಂಬಿದ ರಿಜಿಸ್ಟರ್ 60 ವರ್ಷಗಳ ನಂತರ ಈ ಮಾತು ಹೇಳಿತು. ನಾವು ಊರಿನಿಂದ ತಂದದ್ದರಲ್ಲಿ ವಂಶವಾಹಿ ಮಾತ್ರವಲ್ಲ, ಅಮ್ಮ ಬಸುರಿಯಾಗಿದ್ದಾಗ ಏನು ಉಂಡಳು, ಎಷ್ಟು ದುಡಿದಳು ಎಂಬುದೂ ಸೇರಿರಬಹುದು.

ಇನ್ನೊಂದು ಅಧ್ಯಯನ ಬೆಂಗಳೂರಿನ ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್ ಮತ್ತು ಸಂಗಡಿಗರದ್ದು. ಮೊದಲ ಬಾರಿ ಹೃದಯಾಘಾತವಾದ 200 ಜನರನ್ನು, ಆಗದ 200 ಜನರೊಡನೆ ಹೋಲಿಸಿದರು. ಸಿಗರೇಟು-ಬೀಡಿ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ಸಕ್ಕರೆ ಇವು ಇಬ್ಬರನ್ನೂ ಬೇರೆ ಮಾಡಿದವು. ಮಧುಮೇಹವೆಂದು ಕರೆಯುವ ಮಟ್ಟಕ್ಕೆ ಏರದ ಸಕ್ಕರೆಯೂ ಅಪಾಯದ ಗುರುತಾಗಿತ್ತು. ಆ 400 ಜನರಲ್ಲಿ ಕೊಲೆಸ್ಟರಾಲ್ ಮಾತ್ರ ವ್ಯತ್ಯಾಸ ತೋರಿಸಲಿಲ್ಲ. ಹಾಗೆಂದು ಕೊಬ್ಬು ನಿರಪರಾಧಿಯಲ್ಲ. ಅದೇ ಸೇಂಟ್ ಜಾನ್ಸ್‌ನಲ್ಲಿ ಓದಿದ ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ಅಧ್ಯಯನ 2004ರಲ್ಲಿ ಬಂದಾಗ, ಒಟ್ಟು ಕೊಲೆಸ್ಟರಾಲಿಗಿಂತ ಅದನ್ನು ಹೊರುವ ಪ್ರೋಟೀನುಗಳ ಅನುಪಾತ ಮುಖ್ಯ ಎಂದು ತಿಳಿಯಿತು. ನೋಡಬೇಕಾದ ಗುರುತನ್ನೇ ಬದಲಿಸಬೇಕಿತ್ತು. 2006ರಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಯಾಂಡ್‌ವೆಲ್‌ನ ಗುಜರಾತಿಗಳನ್ನು ನವಸಾರಿಯ ಸುತ್ತಲಿನ ಅವರದೇ ಹಳ್ಳಿಗಳವರೊಡನೆ ಹೋಲಿಸಿದಾಗಲೂ ತೂಕ, ರಕ್ತದೊತ್ತಡ, ರಕ್ತದ ಕೊಬ್ಬು ಇಲ್ಲಿಯವರಲ್ಲಿ ಹೆಚ್ಚು ಕಂಡಿತು.

ಈ ಹೊತ್ತಿಗೆ ಯಂತ್ರಗಳೂ ಬಲಿತಿದ್ದವು. ದೇಹದ ಎಲ್ಲ ಚಿಕ್ಕ ರಾಸಾಯನಿಕಗಳನ್ನೂ ಒಟ್ಟಾಗಿ ಹೇಳುವ 'ಮೆಟಬೊಲೋಮ್' ಎಂಬ ಪದವನ್ನು 1998ರಲ್ಲಿ ಮ್ಯಾಂಚೆಸ್ಟರಿನ ಸ್ಟೀಫನ್ ಆಲಿವರ್ ಮತ್ತು ಸಂಗಡಿಗರು ಯೀಸ್ಟ್ ಕುರಿತ ಲೇಖನವೊಂದರಲ್ಲಿ ಬಳಸಿದರು. ಒಂದೊಂದೇ ಗುರುತು ಹುಡುಕುವ ಬದಲು ರಕ್ತದ ಇಡೀ ಚಿತ್ರವನ್ನೇ ನೋಡುವ ಆಸೆ ಹುಟ್ಟಿತು. 2002ರಲ್ಲಿ ಕೇಂಬ್ರಿಜ್ ಮತ್ತು ಲಂಡನ್ನಿನ ತಂಡವೊಂದು ರಕ್ತದ ಎನ್‌ಎಂಆರ್ ಚಿತ್ರದಿಂದಲೇ ಹೃದಯದ ರಕ್ತನಾಳ ಕಟ್ಟಿಕೊಂಡಿರುವುದನ್ನು ಶೇಕಡಾ 90ಕ್ಕೂ ಹೆಚ್ಚು ನಿಖರವಾಗಿ ಹೇಳಬಹುದು ಎಂದಾಗ ದೊಡ್ಡ ಸುದ್ದಿಯಾಯಿತು. 2006ರಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಸೂಚನೆ ದುರ್ಬಲ ಎಂದು ಗೊತ್ತಾಯಿತು. ರೋಗಿ ಗಂಡಸೋ ಹೆಂಗಸೋ, ಸ್ಟ್ಯಾಟಿನ್ ನುಂಗುತ್ತಿದ್ದಾರೋ ಇಲ್ಲವೋ ಎಂಬುದೇ ಚಿತ್ರವನ್ನು ಬದಲಿಸುತ್ತಿತ್ತು. ಒಂದು ಹನಿ ರಕ್ತದಿಂದ ಭವಿಷ್ಯ ಹೇಳುತ್ತೇವೆ ಎನ್ನುವ ಜಾಹೀರಾತು ಫೋನಿನಲ್ಲಿ ಬಂದಾಗ ಈ ನಾಲ್ಕು ವರ್ಷಗಳ ಕತೆ ನೆನಪಿರಲಿ.

ಆದರೂ ಕೆಲಸ ನಿಲ್ಲಲಿಲ್ಲ. 2007ರಲ್ಲಿ ಮ್ಯಾಂಚೆಸ್ಟರಿನ ವಾರ್ವಿಕ್ ಡನ್, ಡಗ್ಲಸ್ ಕೆಲ್, ಹೃದ್ರೋಗ ತಜ್ಞ ಲುಡ್ವಿಗ್ ನೈಸೆಸ್ ಮತ್ತಿತರರು ಹೃದಯ ದುರ್ಬಲವಾದ 52 ರೋಗಿಗಳ ರಕ್ತವನ್ನು 57 ಇತರರ ರಕ್ತದೊಡನೆ ಹೋಲಿಸಿದರು. ಎರಡು ಗುರುತುಗಳು ಎದ್ದು ಕಂಡವು. ಒಂದು ಸೂಡೊಯುರಿಡಿನ್, ಜೀವಕೋಶಗಳ ಆರ್‌ಎನ್‌ಎ ಒಡೆದಾಗ ಉಳಿದು, ಮೂತ್ರದಲ್ಲಿ ಹೊರಹೋಗಬೇಕಾದ ಕಸ. ಇನ್ನೊಂದು 2-ಆಕ್ಸೊಗ್ಲುಟರೇಟ್; ಶೆಫೀಲ್ಡಿನಲ್ಲಿ ಕ್ರೆಬ್ಸ್ ಬಿಡಿಸಿಟ್ಟ ಸುತ್ತಿನ ಒಂದು ಕೊಂಡಿ. ಮುಂದೆ ಡನ್ ಅವರು ಕೆಲಸ ಮಾಡಿದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಫಿನೋಮ್ ಸೆಂಟರ್ ಶುರುವಾಯಿತು.

ಮೂತ್ರದ ಕತೆಯೂ ಮುಂದುವರಿಯಿತು. ರಕ್ತದೊತ್ತಡಕ್ಕೂ ಆಹಾರಕ್ಕೂ ಇರುವ ನಂಟು ತಿಳಿಯಲು ಚೀನಾ, ಜಪಾನ್, ಅಮೆರಿಕ, ಬ್ರಿಟನ್ನಿನಲ್ಲಿ ನಡೆದ ಇಂಟರ್‌ಮ್ಯಾಪ್ ಅಧ್ಯಯನಕ್ಕೆ ವೆಸ್ಟ್ ಬ್ರಾಮ್ವಿಚ್ ಕೂಡ ಒಂದು ಕೇಂದ್ರವಾಗಿತ್ತು. ಜನ 24 ಗಂಟೆಗಳ ಮೂತ್ರವನ್ನು ಎರಡೆರಡು ಬಾರಿ ಕ್ಯಾನಿನಲ್ಲಿ ಹಿಡಿದು ಕೊಟ್ಟರು. 2008ರಲ್ಲಿ 4,630 ಜನರ ಮೂತ್ರದ ವಿಶ್ಲೇಷಣೆ ಬಂತು. ಅಲನಿನ್ ಹೆಚ್ಚಿದ್ದವರಲ್ಲಿ ರಕ್ತದೊತ್ತಡ ಹೆಚ್ಚು. ಹಿಪ್ಪುರೇಟ್ ಹೆಚ್ಚಿದ್ದವರಲ್ಲಿ ಕಡಿಮೆ. ಹಿಪ್ಪುರೇಟ್ ಹುಟ್ಟುವುದರಲ್ಲಿ ಹಣ್ಣು, ತರಕಾರಿಯಂಥ ಸಸ್ಯಾಹಾರಕ್ಕೂ ಕರುಳಿನ ಸೂಕ್ಷ್ಮಜೀವಿಗಳಿಗೂ ಪಾತ್ರವಿದೆ. ವಿದರಿಂಗ್ ನೋಡಿದ್ದು ಮೂತ್ರ ಹರಿಯಿತೇ ಎಂದು. ಈಗ ಅದು ನಾವು ಏನು ತಿಂದೆವು ಎಂಬುದಕ್ಕೂ ಸಾಕ್ಷಿ ಹೇಳತೊಡಗಿತು.

ಈಗ ಅಳತೆಕೋಲಿನ ಪ್ರಶ್ನೆ. ಹತ್ತು ವರ್ಷಗಳಲ್ಲಿ ಹೃದಯಾಘಾತವಾಗುವ ಸಂಭವ ಎಷ್ಟು ಎಂದು ಲೆಕ್ಕಹಾಕಲು ಜಿ.ಪಿ.ಗಳು ಬಹಳ ಕಾಲ ಬಳಸಿದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಲೆಕ್ಕ. ಅದು 1948ರಲ್ಲಿ ಶುರುವಾದದ್ದು, ಅಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ನಮ್ಮ ಗಂಡಸರಿಗೆ ಆ ಲೆಕ್ಕ ಸಾಲದೆಂದು ಬಂದ ಉತ್ತರವನ್ನು 1.4ರಿಂದ ಗುಣಿಸಿ ಎಂದು 2008ರ ಮಾರ್ಗಸೂಚಿ ಹೇಳಿತು. ದರ್ಜಿ ಬೇರೆಯವರ ಅಳತೆಗೆ ಹೊಲಿದ ಅಂಗಿಗೆ ಪಟ್ಟಿ ಕೊಟ್ಟು ಹಿಗ್ಗಿಸಿದ ಹಾಗೆ. ಅದೇ ವರ್ಷ ನಾಟಿಂಗ್‌ಹ್ಯಾಮಿನ ಜೂಲಿಯಾ ಹಿಪ್ಪಿಸ್ಲಿ-ಕಾಕ್ಸ್ ಅವರ ತಂಡ ಇಲ್ಲಿಯ ಜಿ.ಪಿ. ದಾಖಲೆಗಳಿಂದಲೇ ಕ್ಯೂರಿಸ್ಕ್-2 ಸಿದ್ಧಪಡಿಸಿ, ಭಾರತೀಯ, ಪಾಕಿಸ್ತಾನಿ, ಬಾಂಗ್ಲಾದೇಶಿ ಎಂದು ಬೇರೆ ಬೇರೆಯಾಗಿ ಲೆಕ್ಕ ಕೊಟ್ಟಿತು. ಅದು ಸಾಧ್ಯವಾದದ್ದು ನಮ್ಮವರೂ ಜಿ.ಪಿ. ಬಳಿ ಹೋಗಿದ್ದರಿಂದ, ದಾಖಲೆಯಲ್ಲಿ ಇದ್ದುದರಿಂದ.

ಇನ್ನೊಂದು ಕಡೆ ನೋಡಿ. 2006ರಿಂದ 2010ರವರೆಗೆ ಯುಕೆ ಬಯೋಬ್ಯಾಂಕ್ ಐದು ಲಕ್ಷ ಜನರ ರಕ್ತ ಮತ್ತು ಮೂತ್ರ ಪಡೆದು ಸ್ಟಾಕ್‌ಪೋರ್ಟಿನಲ್ಲಿ ಮೈನಸ್ 80 ಡಿಗ್ರಿ ಚಳಿಯಲ್ಲಿ ಇಟ್ಟಿತು. ರಕ್ತದ ರಾಸಾಯನಿಕ ಗುರುತುಗಳ ಬಗ್ಗೆ ಇವತ್ತು ಜಗತ್ತು ಬರೆಯುತ್ತಿರುವುದರ ದೊಡ್ಡ ಪಾಲಿಗೆ ಅದೇ ಆಧಾರ. ಆ ಐದು ಲಕ್ಷದಲ್ಲಿ ನೂರಕ್ಕೆ ಸುಮಾರು 94 ಜನ ಬಿಳಿಯರು. ಇದಕ್ಕೆ ವಿರುದ್ಧ ಉದಾಹರಣೆ ಲೀಡ್ಸ್ ಪಕ್ಕದ ಬ್ರಾಡ್‌ಫರ್ಡಿನದು. 2007ರಿಂದ 2010ರವರೆಗೆ 'ಬಾರ್ನ್ ಇನ್ ಬ್ರಾಡ್‌ಫರ್ಡ್' ಅಧ್ಯಯನಕ್ಕೆ 12 ಸಾವಿರಕ್ಕೂ ಹೆಚ್ಚು ಗರ್ಭಿಣಿಯರು ಸೇರಿದರು. ಅವರಲ್ಲಿ ದಕ್ಷಿಣ ಏಷ್ಯಾದವರು, ಮುಖ್ಯವಾಗಿ ಪಾಕಿಸ್ತಾನಿ ಮೂಲದವರು, ಹೆಚ್ಚುಕಡಿಮೆ ಅರ್ಧದಷ್ಟು. ಗರ್ಭಿಣಿಯ ರಕ್ತದ ರಾಸಾಯನಿಕ ಚಿತ್ರ ಬಿಳಿಯರಲ್ಲೂ ನಮ್ಮ ಕಡೆಯವರಲ್ಲೂ ಹೇಗೆ ಬೇರೆ ಎಂದು ಹೇಳಲು ಸಾಧ್ಯವಾದದ್ದು ಆ ತಾಯಂದಿರು ತೋಳು ಚಾಚಿದ್ದರಿಂದ. ಮೈಸೂರಿನ ರಿಜಿಸ್ಟರಿಗೂ ಬ್ರಾಡ್‌ಫರ್ಡಿನ ಆ ಟ್ಯೂಬುಗಳಿಗೂ ಇರುವ ನಂಟು ಇದೇ. ಎಣಿಕೆಯಲ್ಲಿ ಇದ್ದವರಿಗೆ ಮಾತ್ರ ಅಳತೆ ಸರಿಹೊಂದುತ್ತದೆ.

ಚರಿತ್ರೆಯಿಂದ ನಮಗೆ ಉಳಿಯುವ ಕೆಲಸ ಏನು? 52 ದೇಶಗಳ ಆ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ವಯಸ್ಸು ಸುಮಾರು 53. ಉಳಿದವರಿಗೆ ಸುಮಾರು 59. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೋದಾಗ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಗಾಬರಿ ಕೆಲವು ವಾರ ಇರುತ್ತದೆ, ಅಪಾಯ ವರ್ಷಗಟ್ಟಲೆ ಇರುತ್ತದೆ. ಇಂಗ್ಲೆಂಡಿನಲ್ಲಿ 40ರಿಂದ 74 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಎನ್‌ಎಚ್‌ಎಸ್ ಹೆಲ್ತ್ ಚೆಕ್ ಉಚಿತ. ಪತ್ರ ಬಂದಾಗ ಶಿಫ್ಟ್ ಇದೆ ಎಂದು ಮುಂದೂಡಬೇಡಿ. ನಮ್ಮವರಿಗೆ ಬಿಎಂಐ 23 ದಾಟಿದರೇ ಎಚ್ಚರಿಕೆ, 27.5 ದಾಟಿದರೆ ಹೆಚ್ಚಿನ ಅಪಾಯ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಲಿ. ಮಧುಮೇಹ ಇರುವವರು ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಪರೀಕ್ಷೆ ತಪ್ಪಿಸಬೇಡಿ. ಅದು ಮೂತ್ರಪಿಂಡದ ಸುದ್ದಿಯಷ್ಟೇ ಅಲ್ಲ, ಹೃದಯದ ಸುದ್ದಿಯೂ ಹೌದು. ಎದೆನೋವು ಬಂದರೆ ಮಾತ್ರ ಯಾವ ಲೆಕ್ಕವೂ ಬೇಡ, ಗ್ಯಾಸ್ಟ್ರಿಕ್ ಇರಬಹುದೆಂದು ಕಾಯುವುದೂ ಬೇಡ, 999ಕ್ಕೆ ಕರೆಮಾಡಿ.

ಸಂಶೋಧನೆಗೆ ರಕ್ತ ಕೇಳಿದಾಗ ಕೊಡಲು ಮುಂದೆ ಬನ್ನಿ. 50 ಲಕ್ಷ ಜನರನ್ನು ಸೇರಿಸುವ ಗುರಿಯೊಂದಿಗೆ 'ಅವರ್ ಫ್ಯೂಚರ್ ಹೆಲ್ತ್' 2022ರಲ್ಲಿ ಸ್ವಯಂಸೇವಕರನ್ನು ಕರೆಯತೊಡಗಿತು. ಮುಂದಿನ ಪೀಳಿಗೆ ತನ್ನ ವರದಿಯ ಪಕ್ಕದಲ್ಲಿ 'ಸಾಮಾನ್ಯ' ಎಂದು ಓದುವ ಅಂಕಿಯಲ್ಲಿ ನಮ್ಮ ಒಂದು ಹನಿಯೂ ಇರಲಿ.

ಕೊನೆಯದಾಗಿ ಲೈಪೊಪ್ರೋಟೀನ್ ಎ. ಇದು ಇಲ್ಲಿಯ ಮಾಮೂಲಿ ಪರೀಕ್ಷೆಯಲ್ಲಿ ಸೇರಿಲ್ಲ. ಆದರೆ ಜೀವಮಾನದಲ್ಲಿ ಒಮ್ಮೆಯಾದರೂ ಅಳೆಯಬೇಕು ಎಂದು ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿ ಹೇಳಿದೆ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಜಿ.ಪಿ.ಯನ್ನು ಕೇಳಿ. ಹೆಚ್ಚಿದೆ ಎಂದು ತಿಳಿದರೆ ನಮ್ಮ ಕೈಯಲ್ಲಿರುವ ಒತ್ತಡ, ಸಕ್ಕರೆ, ಕೊಲೆಸ್ಟರಾಲ್, ಸಿಗರೇಟು ಇವನ್ನು ಇನ್ನಷ್ಟು ಬಿಗಿಹಿಡಿಯಬಹುದು. ವಂಶದಿಂದ ಬಂದದ್ದಾದ್ದರಿಂದ ಆ ಅಂಕಿ ನಮ್ಮೊಬ್ಬರದಲ್ಲ. ಹಾಸನದಲ್ಲಿರುವ ಅಣ್ಣನದೂ, ಹುಬ್ಬಳ್ಳಿಯಲ್ಲಿರುವ ತಂಗಿಯದೂ ಆಗಿರಬಹುದು. ಭಾನುವಾರ ಊರಿಗೆ ಫೋನ್ ಮಾಡುವಾಗ ಮಳೆ, ಬೆಳೆ, ಮದುವೆಯ ಮಾತಿನ ನಡುವೆ ಈ ಒಂದು ಮಾತನ್ನೂ ಸೇರಿಸಿ: "ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಬಿಡು."